ಗೋದಲಿಯ ಮುಂದಿನ ಹೂಕುಂಡ

ಡಿಸೆಂಬರ್ ಬಂತೆಂದರೆ ನಮ್ಮ ಮನೆಗಳಲ್ಲಿ ಗೋದಲಿಯ ಸಿದ್ಧತೆ ಆರಂಭವಾಗುತ್ತದೆ. ಹುಲ್ಲು, ಮಣ್ಣು, ಬಣ್ಣದ ಕಾಗದಗಳ ಜೊತೆಗೆ ಒಂದು ಹಿಡಿ ಹತ್ತಿಯೂ ಬೇಕು. ಅದೇ ಗೋದಲಿಯ ಮಾಡಿನ ಮೇಲೆ ಬೀಳುವ ಹಿಮ. ಮಧುಗಿರಿ ಸೀಮೆಯ ವಳ್ಳೂರಿನಂಥ ಬಯಲುನಾಡಿನ ಊರಿನಲ್ಲಿ ಹಿಮ ಬೀಳುವುದಿಲ್ಲ. ಆದರೂ ಹಿಮವಿಲ್ಲದೆ ಹಬ್ಬ ಪೂರ್ಣವಾಗದೆಂದು ನಾವು ಹೇಗೋ ನಂಬಿದ್ದೇವೆ. ಇತ್ತೀಚೆಗೆ ಗೋದಲಿಯ ಪಕ್ಕದಲ್ಲಿ ಪಾಯಿನ್‌ಸೆಟಿಯಾ ಎಂಬ ಕೆಂಪೆಲೆಯ ಗಿಡವೂ ಕಾಣಿಸಿಕೊಳ್ಳುತ್ತಿದೆ. ಅದನ್ನೂ ಚಳಿನಾಡಿನ ಗಿಡವೆಂದೇ ಹಲವರು ತಿಳಿದಿದ್ದಾರೆ. ಹಬ್ಬದ ಸೊಬಗೆಲ್ಲ ದೂರದೇಶದ ಎರವಲು, ನಮ್ಮ ಒಣ ಅಂಗಳದಲ್ಲಿ ಅದಕ್ಕೆ ಸಮನಾದದ್ದು ಏನೂ ಇಲ್ಲ ಎಂಬ ಕೀಳರಿಮೆ ಇದರ ಹಿಂದಿದೆ. ಆದರೆ ಈ ಹೂಗಳ ಚರಿತ್ರೆ ಬೇರೆಯೇ ಮಾತನ್ನು ಹೇಳುತ್ತದೆ.

ಚಳಿಗಾಲದಲ್ಲಿ ಹೂವನ್ನು ಮನೆಯೊಳಗೆ ಬೆಳೆಸುವ ರೂಢಿ ಯುರೋಪಿನಲ್ಲಿ ಬಲವಾಗಿ ಬೇರೂರಲು ಕಾರಣವಿತ್ತು. ಅಲ್ಲಿ ತಿಂಗಳುಗಟ್ಟಲೆ ಹೊರಗೆ ಒಂದು ಹೂವೂ ಅರಳುವುದಿಲ್ಲ. 1593ರಲ್ಲಿ ಸಸ್ಯವಿಜ್ಞಾನಿ ಕ್ಲೂಸಿಯಸ್ ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದ ತೋಟದಲ್ಲಿ ಟ್ಯೂಲಿಪ್ ಗೆಡ್ಡೆಗಳನ್ನು ನೆಟ್ಟರು. ಮರುವರ್ಷದ ವಸಂತದಲ್ಲಿ ಅವು ಅರಳಿದವು. 18ನೆಯ ಶತಮಾನದ ಹೊತ್ತಿಗೆ ಹಯಸಿಂತ್ ಗೆಡ್ಡೆಗಳನ್ನು ನೀರು ತುಂಬಿದ ಗಾಜಿನ ಪಾತ್ರೆಗಳ ಮೇಲಿಟ್ಟು, ಕಿಟಕಿಯ ಬಳಿ ಅರಳಿಸುವುದು ಅಲ್ಲಿನ ಮನೆಗಳ ಸಂಭ್ರಮವಾಯಿತು. ಈ ಗೆಡ್ಡೆಗಳಿಗೆ ಹಲವು ವಾರಗಳ ಗಾಢವಾದ ಚಳಿ ಅತ್ಯಗತ್ಯ. ಆದುದರಿಂದಲೇ ತಂಪಿನಲ್ಲಿಟ್ಟು ತಂದ ಟ್ಯೂಲಿಪ್ ನಮ್ಮಲ್ಲಿ ಒಮ್ಮೆ ಅರಳಬಹುದು. ಮರುವರ್ಷ ಅದರಿಂದ ಹೂ ನಿರೀಕ್ಷಿಸುವಂತಿಲ್ಲ.

ಪಾಯಿನ್‌ಸೆಟಿಯಾದ ತವರಾದರೋ ಬಿಸಿಲುನಾಡಾದ ಮೆಕ್ಸಿಕೋ. ಅಲ್ಲಿನ ಅಸ್ಟೆಕ್ ಜನರು ಅದನ್ನು ಬಹುಕಾಲದಿಂದ ಬಲ್ಲವರು. 1223ರಲ್ಲಿ ಸಂತ ಫ್ರಾನ್ಸಿಸ್ ಇಟಲಿಯ ಗ್ರೆಚ್ಚೋ ಎಂಬಲ್ಲಿ ಗೋದಲಿಯನ್ನು ರಚಿಸಿದ್ದು ನಮಗೆ ತಿಳಿದದ್ದೇ. ಅವರದೇ ಸಭೆಯ ಸನ್ಯಾಸಿಗಳು ಮುಂದೆ ಮೆಕ್ಸಿಕೋದಲ್ಲಿ ಸೇವೆಗೈದರು. 17ನೆಯ ಶತಮಾನದಲ್ಲಿ ಟಾಸ್ಕೋ ಎಂಬ ಊರಿನಲ್ಲಿ ಅವರು, ಡಿಸೆಂಬರಿನಲ್ಲಿ ಗುಡ್ಡಗಳ ಮೇಲೆ ಕೆಂಪಾಗುತ್ತಿದ್ದ ಈ ಗಿಡದಿಂದಲೇ ಕ್ರಿಸ್ತಜಯಂತಿಯ ಅಲಂಕಾರ ಮಾಡಿದರೆಂದು ಹೇಳುತ್ತಾರೆ. ಬಾಲಯೇಸುವಿಗೆ ಕೊಡಲು ಏನೂ ಇಲ್ಲದ ಬಡ ಹುಡುಗಿಯೊಬ್ಬಳು ದಾರಿಬದಿಯ ಕಳೆಗಿಡಗಳನ್ನು ತಂದಿಟ್ಟಾಗ ಅವೇ ಕೆಂಪು ಹೂಗಳಾದವೆಂಬ ಕಥೆಯೂ ಅಲ್ಲಿನದೇ. 1825ರಲ್ಲಿ ಮೆಕ್ಸಿಕೋಗೆ ಅಮೆರಿಕದ ಪ್ರತಿನಿಧಿಯಾಗಿ ಹೋದ ಜೋಯೆಲ್ ಪಾಯಿನ್‌ಸೆಟ್ ಎಂಬುವರು ಈ ಗಿಡವನ್ನು ತಮ್ಮ ನಾಡಿಗೆ ತಲುಪಿಸಿದರು. ಗಿಡಕ್ಕೆ ಅವರ ಹೆಸರೇ ನಿಂತಿತು. ಚಳಿನಾಡಿನ ಮನೆಗಳ ಕುಂಡಗಳಿಗೆ ಅದು ಬಂದದ್ದು ಅನಂತರ.

ಅದೇ ಮೆಕ್ಸಿಕೋದಿಂದ ಬಂದ ಇನ್ನೊಂದು ಹೂವನ್ನು ನಾವು ಪರದೇಶದ್ದೆಂದು ಎಣಿಸುವುದೇ ಇಲ್ಲ. ಅದು ನಮ್ಮ ಸುಗಂಧರಾಜ. ಅದರ ಬಿಳುಪನ್ನು ಕಂಡು ಅಸ್ಟೆಕ್ ಜನರು ಅದನ್ನು ‘ಮೂಳೆ ಹೂ’ ಎಂದು ಕರೆಯುತ್ತಿದ್ದರು. 16ನೆಯ ಶತಮಾನದಲ್ಲಿ ಯುರೋಪನ್ನು ಸೇರಿದ ಈ ಗೆಡ್ಡೆ ಮುಂದೆ ಭಾರತಕ್ಕೂ ಬಂತು. ಇಂದು ತುಮಕೂರು, ಕೋಲಾರ, ಮೈಸೂರು, ಬೆಳಗಾವಿ ಜಿಲ್ಲೆಗಳಲ್ಲಿ ಅದು ರೈತನಿಗೆ ದುಡಿಮೆಯ ಬೆಳೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಶೃಂಗಾರ್, ಸುವಾಸಿನಿ, ಪ್ರಜ್ವಲ್, ವೈಭವ್ ಎಂಬ ತಳಿಗಳನ್ನು ರೂಪಿಸಿದೆ. ಮದುವೆಯ ಹಾರಕ್ಕೂ ಸಮಾಧಿಯ ಮಾಲೆಗೂ ಇದೇ ಹೂವು. ಗೋದಲಿಯ ಮುಂದಿನ ಕೆಂಪು ಗಿಡವೂ ಬಲಿಪೀಠದ ಮೇಲಿನ ಬಿಳಿಯ ಹೂವೂ ಹೀಗೆ ಒಂದೇ ನಾಡಿನವು.

ಲಾಲ್‌ಬಾಗಿನ ಗಾಜಿನ ಮನೆಯೂ ಇಂಥದೇ ಮಾತನ್ನು ಹೇಳುತ್ತದೆ. ಚಳಿಯ ದೇಶಗಳಲ್ಲಿ ಗಾಜಿನ ಮನೆ ಗಿಡಗಳಿಗೆ ಬೆಚ್ಚನೆಯ ಆಸರೆ. ಜಾನ್ ಕ್ಯಾಮೆರಾನ್ ಅವರು ಮೇಲ್ವಿಚಾರಕರಾಗಿದ್ದಾಗ, 1889ರ ನವೆಂಬರ್ 30ರಂದು ಬೆಂಗಳೂರಿನಲ್ಲಿ ಅದಕ್ಕೆ ಅಡಿಗಲ್ಲು ಬಿತ್ತು. ಆದರೆ ಇಲ್ಲಿ ಗಿಡಗಳನ್ನು ಚಳಿಯಿಂದ ಕಾಯುವ ಅಗತ್ಯವಿರಲಿಲ್ಲ. ಅದು ಫಲಪುಷ್ಪ ಪ್ರದರ್ಶನದ ಮಂಟಪವಾಯಿತು.

ನಮ್ಮ ಗೆಡ್ಡೆಗಳಿಗೂ ವಿಶ್ರಾಂತಿ ಬೇಕು. ಅದನ್ನು ಕೊಡುವುದು ಹಿಮವಲ್ಲ, ಒಣಹವೆ. ನಮ್ಮ ಬೇಲಿಗಳಲ್ಲಿ ಮಳೆಗಾಲಕ್ಕೆ ಅರಳುವ ಅಗ್ನಿಶಿಖೆ ಬೇಸಗೆಯಿಡೀ ನೆಲದೊಳಗೆ ನಿದ್ರಿಸುತ್ತದೆ. ಹಳೆಯ ಮನೆಗಳ ಕುಂಡಗಳಲ್ಲಿ ಕಾಣುವ ಅಮರಿಲ್ಲಿಸ್‌ನ ಮೂಲ ದಕ್ಷಿಣ ಅಮೆರಿಕ. 1799ರ ಸುಮಾರಿಗೆ ಇಂಗ್ಲೆಂಡಿನ ಗಡಿಯಾರ ತಯಾರಕ ಆರ್ಥರ್ ಜಾನ್ಸನ್ ಅದರ ಮೊದಲ ಮಿಶ್ರತಳಿಯನ್ನು ಪಡೆದನು. ಅದನ್ನು ಕ್ರಿಸ್‌ಮಸ್ಸಿಗೆ ಅರಳಿಸಬೇಕಾದರೆ ಆಗಸ್ಟ್ ನಡುವಿನಲ್ಲಿ ಕುಂಡವನ್ನು ಮಳೆ ಬೀಳದ ಜಗುಲಿಗೆ ಸರಿಸಿ, ಎಂಟು ಹತ್ತು ವಾರ ನೀರು ನಿಲ್ಲಿಸಬೇಕು. ಎಲೆ ಒಣಗಿದರೆ ಗಾಬರಿಪಡಬೇಕಿಲ್ಲ. ಅಕ್ಟೋಬರ್ ಕೊನೆಗೆ ಮತ್ತೆ ನೀರೆರೆದರೆ ಸಾಮಾನ್ಯವಾಗಿ ಆರೆಂಟು ವಾರಗಳಲ್ಲಿ ಹೂ ಬರುತ್ತದೆ. ಪಾಯಿನ್‌ಸೆಟಿಯಾಕ್ಕೆ ಬೇಕಾದದ್ದು ದೀರ್ಘವಾದ ಕತ್ತಲು. ಇರುಳು ಹಗಲಿಗಿಂತ ಉದ್ದವಾಗುವ ಅಕ್ಟೋಬರಿನಿಂದ ಅದನ್ನು ರಾತ್ರಿಯ ದೀಪದಿಂದ ದೂರವಿಡಬೇಕು. ಬೀದಿದೀಪದ ಬೆಳಕು ಬಿದ್ದರೂ ಎಲೆ ಹಸಿರಾಗಿಯೇ ಉಳಿದೀತು. ಆಗಮನ ಕಾಲದಲ್ಲಿ ಬೆಳಕಿಗಾಗಿ ಕಾಯುವ ನಮ್ಮ ನಡುವೆ ಈ ಗಿಡವೂ ಕತ್ತಲನ್ನು ಸಹಿಸಿಯೇ ಬಣ್ಣ ತಳೆಯುತ್ತದೆ.

ಗೋದಲಿಯ ಮೇಲಿನ ಹತ್ತಿಯ ಹಿಮ ಇರಲಿ, ಮಕ್ಕಳಿಗೆ ಅದು ಇಷ್ಟ. ಆದರೆ ಅದರ ಕೆಳಗೆ ಪ್ಲಾಸ್ಟಿಕ್ ಹೂವಿನ ಬದಲು ಮನೆಯಲ್ಲಿ ಬೆಳೆದ ಒಂದು ಕುಂಡವನ್ನೋ, ನಮ್ಮದೇ ಜಿಲ್ಲೆಯ ಹೊಲದಿಂದ ಬಂದ ನಾಲ್ಕು ಕಡ್ಡಿ ಸುಗಂಧರಾಜವನ್ನೋ ಇಡೋಣ. ಹೂ ಬಾರದ ವರ್ಷ ಹಸಿರೆಲೆಯ ಕುಂಡವನ್ನೇ ಇಟ್ಟರೂ ಕೊರತೆಯಿಲ್ಲ. ಆ ಬಡ ಹುಡುಗಿ ತಂದದ್ದೂ ದಾರಿಬದಿಯ ಸೊಪ್ಪನ್ನೇ ಅಲ್ಲವೇ?