ರೊಂಡೊ ಬೀದಿಯನ್ನು ನುಂಗಿದ ಹೆದ್ದಾರಿ

ಅಮೆರಿಕದ ಸೇಂಟ್ ಪಾಲ್ ನಗರದಲ್ಲಿ ರೊಂಡೊ ಎಂಬ ಬೀದಿಯಿತ್ತು. ಊರಿನ ಕಪ್ಪು ಜನರಲ್ಲಿ ಬಹುಪಾಲು ಮಂದಿಯ ಬದುಕು ಅದರ ಆಸುಪಾಸಿನಲ್ಲೇ: ಚರ್ಚು, ಕ್ಷೌರದಂಗಡಿ, ಕ್ಲಬ್ಬು, ರೈಲ್ವೆ ನೌಕರರ ಸ್ವಂತ ಮನೆಗಳು. 1956ರ ಹೆದ್ದಾರಿ ಕಾಯ್ದೆಯಲ್ಲಿ ಖರ್ಚಿನ ಶೇ 90ರಷ್ಟನ್ನು ಕೇಂದ್ರ ಸರ್ಕಾರವೇ ಹೊತ್ತಿತು. ಐ-94 ಹೆದ್ದಾರಿ ಸೀದಾ ಈ ಬಡಾವಣೆಯ ನಡುವೆಯೇ ಹಾಯಿತು.

ಬೇರೆ ದಾರಿಯೇ ಇರಲಿಲ್ಲವೆ? ಇತ್ತು. ನಗರದ ಯೋಜನಾ ಎಂಜಿನಿಯರ್ ಜಾರ್ಜ್ ಹೆರಾಲ್ಡ್ ಉತ್ತರಕ್ಕೆ, ರೈಲು ಹಳಿಗಳ ಪಕ್ಕದ ಮಾರ್ಗವನ್ನು ಸೂಚಿಸಿದ್ದರು. ಅವರ ಮಾತು ನಡೆಯಲಿಲ್ಲ.

ಪಾದ್ರಿ ಜಾರ್ಜ್ ಡೇವಿಸ್ ಮನೆ ಬಿಡಲು ಒಪ್ಪಲಿಲ್ಲ. 1956ರ ಸೆಪ್ಟೆಂಬರಿನಲ್ಲಿ ಪೊಲೀಸರು ಕೊಡಲಿ, ಸುತ್ತಿಗೆ ಹಿಡಿದು ಬಂದು ಅವರನ್ನು ಹೊರಗೆ ಹಾಕಿದರು. 1968ರಲ್ಲಿ ರಸ್ತೆ ತೆರೆಯುವ ಹೊತ್ತಿಗೆ 600ಕ್ಕೂ ಹೆಚ್ಚು ಕಪ್ಪು ಕುಟುಂಬಗಳು ಮನೆ ಕಳೆದುಕೊಂಡಿದ್ದವು. ಪರಿಹಾರದ ಹಣವಿದ್ದವರಿಗೂ ಬಿಳಿಯರ ಬಡಾವಣೆಗಳಲ್ಲಿ ಮನೆ ಸಿಗುವುದು ಕಷ್ಟವಿತ್ತು.

ಹಳೆಯ ನೆರೆಹೊರೆಯವರು 1983ರಲ್ಲಿ ರೊಂಡೊ ಡೇಸ್ ಹಬ್ಬ ಶುರುಮಾಡಿದರು. ಮೇಯರ್ ಕ್ರಿಸ್ ಕೋಲ್ಮನ್ ಕ್ಷಮೆ ಕೇಳಿದ್ದು 2015ರಲ್ಲಿ, ತಡವಾಯಿತು, ನಿಜ. ಈಗ ರಿಕನೆಕ್ಟ್ ರೊಂಡೊ ಸಂಸ್ಥೆ ಹೆದ್ದಾರಿಯ ಮೇಲೆ ಸುಮಾರು ಅರ್ಧ ಮೈಲಿ ಚಾವಣಿ ಹಾಸಿ, ಅದರ ಮೇಲೆ ಮನೆ, ಅಂಗಡಿ, ಉದ್ಯಾನ ಕಟ್ಟಬೇಕೆನ್ನುತ್ತಿದೆ. ಆದರೆ ಉದ್ಯಾನದ ಹಿಂದೆಯೇ ಬಾಡಿಗೆಯೂ ಏರುತ್ತದಲ್ಲ! ಹಾಗಾದರೆ ಹಳಬರ ಮಕ್ಕಳೇ ಮತ್ತೆ ಊರಾಚೆ ಹೋಗಬೇಕಾದೀತು. ಮನೆ ಕಳೆದುಕೊಂಡವರ ವಂಶಸ್ಥರಿಗೆ ಮನೆ ಕೊಳ್ಳಲು ಮುಂಗಡಕ್ಕೆ ನೆರವಾಗುವ ನಿಧಿಯೊಂದನ್ನು ನಗರಾಡಳಿತ ತೆರೆದಿದೆ. ಚಾವಣಿಗಿಂತ ಇದೇ ಹೆಚ್ಚು ನ್ಯಾಯದ ಕೆಲಸ.