ಸ್ಟ್ಯಾನಿ ಎಂಬ ಹೆಸರಿನ ಹಿಂದೆ

ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ‘ಸ್ಟ್ಯಾನಿ’ ಚಿರಪರಿಚಿತ ಹೆಸರು. ಅದರ ಪೂರ್ಣರೂಪ ಸ್ಟ್ಯಾನಿಸ್ಲಾಸ್. ಇದು ಪೋರ್ಚುಗೀಸರ ಹೆಸರಲ್ಲ. ಪೋಲೆಂಡಿನ ಸ್ಲಾವ್ ಜನರದು. ‘ಸ್ತಾನಿ’ ಎಂದರೆ ನಿಲ್ಲು, ಆಗು. ‘ಸ್ಲಾವ’ ಎಂದರೆ ಕೀರ್ತಿ. ಕೀರ್ತಿವಂತನಾಗುವವನು ಎಂಬುದು ಒಟ್ಟರ್ಥ. ಸಂಸ್ಕೃತದ ‘ಸ್ಥಾ’, ‘ಶ್ರವಸ್’ ಶಬ್ದಗಳು ಇವುಗಳ ದೂರದ ಬಂಧುಗಳು.

ಈ ಹೆಸರಿನವರು ದೃಢಮನಸ್ಕರೆಂಬ ಭಾವನೆ ಹುಟ್ಟಿದ್ದರೆ ಅದಕ್ಕೆ ಕಾರಣ ಅಕ್ಷರಗಳಲ್ಲ, ಅದನ್ನು ಹೊತ್ತವರ ಬಾಳು. ಕ್ರಾಕೋವಿನ ಧರ್ಮಾಧ್ಯಕ್ಷ ಸ್ಟ್ಯಾನಿಸ್ಲಾಸರು ಅರಸನನ್ನು ಎದುರಿಸಿ 1079ರಲ್ಲಿ ಪ್ರಾಣತೆತ್ತರು. 1550ರಲ್ಲಿ ಜನಿಸಿದ ಸ್ಟ್ಯಾನಿಸ್ಲಾಸ್ ಕೋಸ್ಟ್ಕ, ತಂದೆಯ ವಿರೋಧವಿದ್ದರೂ ಯೇಸುಸಭೆ ಸೇರಲು ವಿಯೆನ್ನಾದಿಂದ ಕಾಲ್ನಡಿಗೆಯಲ್ಲೇ ಹೊರಟು ರೋಮ್ ತಲುಪಿದರು. 1568ರ ಆಗಸ್ಟ್ 15ರಂದು, ಹದಿನೆಂಟು ತುಂಬುವ ಮೊದಲೇ ತೀರಿಕೊಂಡರು.

1726ರ ಡಿಸೆಂಬರ್ 31ರಂದು ಕೋಸ್ಟ್ಕ ಮತ್ತು ಅಲೋಶಿಯಸ್ ಗೊನ್ಜಾಗ ಒಂದೇ ದಿನ ಸಂತಪದವಿಗೇರಿದರು. ಯೇಸುಸಭೆಯ ಗುರುಗಳು 1880ರಲ್ಲಿ ಮಂಗಳೂರಿನಲ್ಲಿ ತೆರೆದ ಕಾಲೇಜು ಸಂತ ಅಲೋಶಿಯಸರ ಹೆಸರನ್ನು ಪಡೆಯಿತು. ಅವರ ಸಹಸಂತನ ಹೆಸರಾದರೋ ನಮ್ಮ ಮನೆಯಂಗಳದಲ್ಲೇ ಉಳಿಯಿತು, ಎರಡಕ್ಷರಕ್ಕೆ ಕಿರಿದಾಗಿ.

ಕೂಗುವ ಅನುಕೂಲಕ್ಕೆ ಹೆಸರು ಕಿರಿದಾಗಲಿ, ಅಡ್ಡಿಯಿಲ್ಲ. ಅದರ ಕಥೆಯೂ ಕಿರಿದಾಗಿ ಮರೆಯಾದರೆ ನಷ್ಟ ಮಗುವಿಗೇ. ಇಂದು ಸಂಜೆಯ ಪ್ರಾರ್ಥನೆಯ ಬಳಿಕ ಮನೆಯ ಸ್ಟ್ಯಾನಿಗೆ ಅವನ ಪೂರ್ಣ ಹೆಸರನ್ನೊಮ್ಮೆ ಹೇಳಿಕೊಡೋಣ.