ಸೋವಿ ಬಟ್ಟೆಯ ಜಮಾ-ಖರ್ಚು

ಊರಿಗೆ ಹೋದಾಗಲೆಲ್ಲ ಚಹಾದಂಗಡಿಯ ಮುಂದೆ ಒಂದು ವಾದ ಖಾಯಂ ಇರುತ್ತದೆ. ಚೀನಾ ಮಾಲು, ಸೂರತ್ ಸೀರೆ, ಬಿಹಾರದಿಂದ ಬಂದ ಕೂಲಿ ಹುಡುಗರು ಎಲ್ಲವೂ ಸೋವಿ. ಇದರಿಂದ ದೇಶಕ್ಕೆ ಲಾಭವೋ ನಷ್ಟವೋ? "ನೀವು ಬ್ಯಾಂಕಿನವರು, ಲೆಕ್ಕ ಹೇಳ್ರಿ" ಅಂತ ನನ್ನ ಕಡೆ ತಿರುಗುತ್ತಾರೆ. ನಾನು ಚೀನಾ ತನಕ ಹೋಗುವುದಿಲ್ಲ. ನಾಲ್ಕು ದಶಕ ಅನ್ನ ಕೊಟ್ಟ ಮುಂಬೈಯ ಗಿರಣಿಗಳ ಕಥೆಯೇ ಸಾಕು. ಸೋವಿ ಕೂಲಿಯ ಜಮಾ-ಖರ್ಚನ್ನು ನೂರೈವತ್ತು ವರ್ಷ ಬರೆದಿಟ್ಟ ಲೆಜರ್ ಎಲ್ಲಾದರೂ ಇದ್ದರೆ ಅದು ಪರೇಲ್, ಲಾಲ್‌ಬಾಗ್, ವರ್ಲಿ ಸೇರಿದ ಗಿರಣಗಾಂವ್‌ನಲ್ಲಿದೆ.

1854ರಲ್ಲಿ ಕಾವಸ್‌ಜಿ ದಾವರ್ ಎಂಬ ಪಾರ್ಸಿ ವ್ಯಾಪಾರಿ ಮುಂಬೈಯ ಮೊದಲ ಹತ್ತಿ ಗಿರಣಿಯ ಕಂಪನಿ ಕಟ್ಟಿದ. ಎರಡು ವರ್ಷದಲ್ಲಿ ತಾರದೇವ್‌ನಲ್ಲಿ ನೂಲು ಹೊರಬಂತು. 1861ರಿಂದ 65ರ ವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಲ್ಯಾಂಕಾಷೈರ್‌ಗೆ ಹತ್ತಿ ನಿಂತಾಗ ನಮ್ಮ ಧಾರವಾಡದ ಹತ್ತಿಗೂ ಬಂಗಾರದ ಬೆಲೆ ಬಂದಿತ್ತು. ಆ ದುಡ್ಡಿನ ಅಮಲಿನಲ್ಲಿ ಮುಂಬೈ ಶೇರು ಜೂಜಿಗೆ ಬಿದ್ದು 1865ರಲ್ಲಿ ದಿವಾಳಿಯಾದದ್ದು ಬೇರೆ ಕಥೆ. 1870ರ ನಂತರ ಗಿರಣಿಗಳು ಒಂದರ ಪಕ್ಕ ಒಂದು ಎದ್ದವು. ಯಂತ್ರ ಲ್ಯಾಂಕಾಷೈರಿನದು, ಅಲ್ಲಿಗಿಂತ ಇಲ್ಲಿ ದುಬಾರಿ. ನಮ್ಮ ಹತ್ತಿರ ಸೋವಿ ಇದ್ದದ್ದು ಹತ್ತಿ ಮತ್ತು ಮನುಷ್ಯ.

ಮನುಷ್ಯ ಬಂದದ್ದು ಹೆಚ್ಚಾಗಿ ಕೊಂಕಣದ ರತ್ನಾಗಿರಿಯಿಂದ ಮತ್ತು ಘಟ್ಟದ ಮೇಲಿನ ಸತಾರಾ ಕಡೆಯಿಂದ. ಅವನಿಗೆ ಸಿಗುತ್ತಿದ್ದ ಪಗಾರದಲ್ಲಿ ಮುಂಬೈಯಲ್ಲಿ ಸಂಸಾರ ಹೂಡುವುದು ಕಷ್ಟ. ಹಾಗಾಗಿ ಹೆಂಡತಿ-ಮಕ್ಕಳು ಊರಲ್ಲಿ. ಇವನು ಚಾಳಿನ ಒಂದು ಖೋಲಿಯಲ್ಲಿ ಹತ್ತು ಜನರೊಂದಿಗೆ, ಪಾಳಿಯ ಮೇಲೆ ಮಲಗುತ್ತ, ಖಾನಾವಳಿಯಲ್ಲಿ ಉಣ್ಣುತ್ತ. ಕಾಯಿಲೆ ಬಿದ್ದರೆ ಊರು, ಕೆಲಸ ಹೋದರೆ ಊರು, ಮುಷ್ಕರವಾದರೆ ಊರು, ಮುಪ್ಪು ಬಂದರಂತೂ ಊರೇ. ಗಿರಣಿ ಕೊಟ್ಟದ್ದು ಗಟ್ಟಿಮುಟ್ಟಾದ ವರ್ಷಗಳ ಕೂಲಿ ಮಾತ್ರ. ಅವನನ್ನು ಹೆತ್ತು ಬೆಳೆಸಿದ, ಕೊನೆಗೆ ಮಣ್ಣು ಮಾಡಿದ ಖರ್ಚೆಲ್ಲ ಕೊಂಕಣದ ಎರಡೆಕರೆ ಗದ್ದೆಯ ಖಾತೆಗೆ ಬಿತ್ತು. ಗಿರಣಿಯ ಬ್ಯಾಲೆನ್ಸ್ ಶೀಟಿನಲ್ಲಿ ಆ ಸಾಲು ಕಾಣುವುದೇ ಇಲ್ಲ.

ಇದು ಕೊಂಕಣಿಗರ ಕಥೆ ಮಾತ್ರವೇನಲ್ಲ. ಅದೇ ಮುಂಬೈಯ ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆದ ನಮ್ಮ ಕರಾವಳಿಯ ಹುಡುಗರೂ ಹೀಗೇ ಬಂದವರು. ಹನ್ನೆರಡು ವರ್ಷ ಸಾಕಿದ್ದು ಊರ ಅಮ್ಮ, ದುಡಿಸಿದ್ದು ಮುಂಬೈ. ರಾತ್ರಿ ಕೆಲಸ ಮುಗಿಸಿ ಕನ್ನಡ ರಾತ್ರಿಶಾಲೆಗೆ ಹೋಗಿ ನಾಲ್ಕಕ್ಷರ ಕಲಿತವರು ಮೇಲೆ ಬಂದರು, ಕೆಲವರು ಸ್ವಂತ ಹೋಟೆಲನ್ನೇ ಇಟ್ಟರು. ಅವರ ಹೆಸರು ನಾವು ಹೆಮ್ಮೆಯಿಂದ ಹೇಳುತ್ತೇವೆ. ಕ್ಷಯ ಹತ್ತಿಸಿಕೊಂಡು ಬಸ್ಸು ಹತ್ತಿದವರ ಹೆಸರು ಯಾರೂ ಹೇಳುವುದಿಲ್ಲ. ಹದಿನಾಲ್ಕರೊಳಗಿನ ಮಕ್ಕಳು ಹೋಟೆಲಿನಲ್ಲಿ ದುಡಿಯಬಾರದು ಎಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ಕ್ಕೆ. ಅಲ್ಲಿಯವರೆಗೆ ನಾವೆಲ್ಲ ಕುಡಿದ ಸೋವಿ ಚಹಾದಲ್ಲಿ ಅವರ ಪಾಲೂ ಇತ್ತು.

ಗಿರಣಿಗೆ ಕಾನೂನು ಬಂದ ರೀತಿ ಇನ್ನೂ ವಿಚಿತ್ರ. 1881ರ ಫ್ಯಾಕ್ಟರಿ ಕಾಯ್ದೆ ಏಳು ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು, ಏಳರಿಂದ ಹನ್ನೆರಡರವರನ್ನು ದಿನಕ್ಕೆ ಒಂಬತ್ತೇ ಗಂಟೆ ದುಡಿಸಬೇಕು ಎಂದಿತು. 'ಒಂಬತ್ತೇ' ಗಂಟೆ! ಇದಕ್ಕೆ ಒತ್ತಾಯ ಮಾಡಿದವರಲ್ಲಿ ಲ್ಯಾಂಕಾಷೈರಿನ ಗಿರಣಿ ಮಾಲೀಕರೂ ಇದ್ದರು. ಅವರಿಗೆ ನಮ್ಮ ಮಕ್ಕಳ ಮೇಲೆ ಮಮತೆ ಉಕ್ಕಿತ್ತು ಅಂತ ನಂಬುವವರು ನಂಬಲಿ; ಮುಂಬೈ ಬಟ್ಟೆಯ ಖರ್ಚು ಏರಬೇಕಿತ್ತು, ಅಷ್ಟೆ. ಇದನ್ನೇ ನೆಪ ಮಾಡಿಕೊಂಡು ನಮ್ಮ ಹಲವು ದೇಶಭಕ್ತ ಪತ್ರಿಕೆಗಳು ಕಾಯ್ದೆಯನ್ನು ವಿರೋಧಿಸಿ ಮಾಲೀಕರ ಪಕ್ಕ ನಿಂತವು. ಕಾರ್ಮಿಕರ ಪರವಾಗಿ ಗಟ್ಟಿಯಾಗಿ ಮಾತಾಡಿದವರು ಫುಲೆಯವರ ಅನುಯಾಯಿ ನಾರಾಯಣ ಮೇಘಾಜಿ ಲೋಖಂಡೆ. ವಾರಕ್ಕೊಂದು ರಜೆ ಕಾನೂನಿನಲ್ಲಿ ಸೇರಲು 1891 ಬರಬೇಕಾಯಿತು.

ಸೋವಿ ಕೂಲಿಯಿಂದ ದೇಶಕ್ಕೆ ಒಂದು ಉದ್ಯಮವಾದರೂ ಗಟ್ಟಿಯಾಯಿತಲ್ಲ ಎನ್ನಬಹುದು. ನನ್ನ ತಕರಾರು ಇರುವುದೇ ಇಲ್ಲಿ. ಹತ್ತು ಜನ ಸೋವಿಗೆ ಸಿಗುವಾಗ ಯಂತ್ರ ಬದಲಿಸುವ ತಲೆನೋವು ಯಾರಿಗೆ ಬೇಕು? ಬೆಳಿಗ್ಗೆ ಗೇಟಿನ ಮುಂದೆ ಬದಲಿ ಕೆಲಸಕ್ಕೆ ಜನ ನಿಂತೇ ಇರುತ್ತಿದ್ದರು. ಯಾರನ್ನು ಒಳಗೆ ಬಿಡಬೇಕೆಂದು ಜಾಬರ್ ತೀರ್ಮಾನಿಸುತ್ತಿದ್ದ, ದಸ್ತೂರಿಯನ್ನೂ ವಸೂಲು ಮಾಡುತ್ತಿದ್ದ. 1920ರ ದಶಕದಲ್ಲೂ ಮುಂಬೈಯಲ್ಲಿ ಒಬ್ಬ ನೇಕಾರ ಸಾಮಾನ್ಯವಾಗಿ ನೋಡಿಕೊಳ್ಳುತ್ತಿದ್ದದ್ದು ಎರಡೇ ಮಗ್ಗ. ಜಪಾನಿನಲ್ಲೂ ಕೂಲಿ ಸೋವಿಯೇ. ಹಳ್ಳಿಯ ಹೆಣ್ಣುಮಕ್ಕಳನ್ನು ತಂದು ಗಿರಣಿಯ ವಸತಿಗೃಹದಲ್ಲಿ ಕೂಡಿಹಾಕಿ ದುಡಿಸುತ್ತಿದ್ದರು, ಅದನ್ನು ಹೊಗಳುವಂತಿಲ್ಲ. ಆದರೆ ಅವರು ಯಂತ್ರದ ಮೇಲೂ ತಲೆ ಓಡಿಸಿದರು. ಸಾಕಿಚಿ ಟೊಯೋಡಾ 1924ರಲ್ಲಿ ತಯಾರಿಸಿದ ಸ್ವಯಂಚಾಲಿತ ಮಗ್ಗದ ಪೇಟೆಂಟ್ ಹಕ್ಕನ್ನು 1929ರಲ್ಲಿ ಲ್ಯಾಂಕಾಷೈರಿನ ಪ್ಲಾಟ್ ಬ್ರದರ್ಸ್ ಕಂಪನಿಯೇ ದುಡ್ಡು ಕೊಟ್ಟು ಕೊಂಡಿತು. ಗುರುವೇ ಶಿಷ್ಯನಿಂದ ಕಲಿತ ಹಾಗೆ! ಆಗ ನಮ್ಮ ಮಾಲೀಕರು ಹಳೆಯ ಮಗ್ಗಗಳನ್ನು ಇಟ್ಟುಕೊಂಡೇ ನೇಕಾರನ ತಲೆಗೆ ಎರಡರ ಬದಲು ಮೂರು ಮಗ್ಗ ಹೊರಿಸಲು ಹೊರಟಿದ್ದರು. ಮೂರನೆಯವನ ಕೆಲಸ ಹೋಗುತ್ತದೆಂದು 1928ರಲ್ಲಿ ಕಾರ್ಮಿಕರು ಆರು ತಿಂಗಳು ಮುಷ್ಕರ ಹೂಡಿದರು.

ಜಪಾನಿನ ಸೋವಿ ಬಟ್ಟೆ ಪೇಟೆಗೆ ನುಗ್ಗಿದಾಗ ಅದೇ ಮಾಲೀಕರು ಸರ್ಕಾರದ ಬಾಗಿಲು ತಟ್ಟಿದರು. 1933ರಲ್ಲಿ ಬ್ರಿಟನ್ನಿನದಲ್ಲದ ಹತ್ತಿ ಬಟ್ಟೆಯ ಮೇಲೆ ಶೇ. 75 ಸುಂಕ ಬಿತ್ತು. ಜಪಾನ್ ಸಿಟ್ಟಿಗೆದ್ದು ನಮ್ಮ ಹತ್ತಿ ಕೊಳ್ಳುವುದನ್ನೇ ನಿಲ್ಲಿಸಿತು. ಗಿರಣಿ ಉಳಿಸಲು ಹೋಗಿ ರೈತ ಸಿಕ್ಕಿಬಿದ್ದ. ಕೊನೆಗೆ 1934ರಲ್ಲಿ ಒಪ್ಪಂದವಾಯಿತು: ಅವರು 15 ಲಕ್ಷ ಬೇಲು ಹತ್ತಿ ಕೊಂಡರೆ 40 ಕೋಟಿ ಗಜ ಬಟ್ಟೆ ಮಾರಬಹುದು. ಒಂದು ಸೋವಿಯನ್ನು ತಡೆಯಲು ಹೋದರೆ ಇನ್ನೊಬ್ಬನ ಹೊಟ್ಟೆಗೆ ಬೀಳುತ್ತದೆ. ಆದ್ದರಿಂದಲೇ 'ಬಹಿಷ್ಕಾರ ಹಾಕಿ' ಎಂಬ ಸುಲಭದ ಮಾತು ಕೇಳಿದಾಗ ನನಗೆ ಈ ಬೇಲುಗಳು ನೆನಪಾಗುತ್ತವೆ.

ಸ್ವಾತಂತ್ರ್ಯದ ನಂತರ ಗಿರಣಿ ಕಾರ್ಮಿಕನಿಗೆ ಎಂಟು ಗಂಟೆಯ ಪಾಳಿ, ಇಎಸ್‌ಐ, ಪ್ರಾವಿಡೆಂಟ್ ಫಂಡ್ ಎಲ್ಲ ಬಂತು. ಇವನು ಇನ್ನು ಸೋವಿಯಲ್ಲ ಅಂದ ಕೂಡಲೇ ಕೆಲಸ ಭಿವಂಡಿ, ಮಾಲೇಗಾಂವ್, ಇಚಲಕರಂಜಿಯ ಪವರ್‌ಲೂಮ್‌ಗಳ ಕಡೆ ನಡೆಯಿತು. ಅಲ್ಲಿ ಹನ್ನೆರಡು ಗಂಟೆಯ ಪಾಳಿ, ಫಂಡಿಲ್ಲ, ಹಾಜರಿ ಪುಸ್ತಕವೂ ಇಲ್ಲ. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ನಾನಾಗ ಗಿರಣಗಾಂವ್‌ನ ಒಂದು ಶಾಖೆಯಲ್ಲಿ ಹೊಸ ಕ್ಲಾರ್ಕು. ಹತ್ತು-ಇಪ್ಪತ್ತು ರೂಪಾಯಿಯಂತೆ ವಿತ್‌ಡ್ರಾಯಲ್ ಸ್ಲಿಪ್ಪುಗಳು ಬರುತ್ತಿದ್ದವು. ಪಾಸ್‌ಬುಕ್ಕಿನಲ್ಲಿ ಐದು ರೂಪಾಯಿ ಉಳಿದ ಮೇಲೆ ಆ ಮನುಷ್ಯ ಕಾಣುತ್ತಿರಲಿಲ್ಲ. ಊರಿಗೆ ಹೋದ ಅಂತ ಪಕ್ಕದವನು ಹೇಳುತ್ತಿದ್ದ. ಆ ವರ್ಷ ನಮ್ಮೂರ ಬಟ್ಟೆ ಅಂಗಡಿಗಳು ಮಾತ್ರ ತುಂಬಿಯೇ ಇದ್ದವು. ಗಿರಣಿಯ ಮುದ್ರೆ ಬಿದ್ದ ತಾನುಗಳೂ ಪವರ್‌ಲೂಮಿನಲ್ಲಿ ತಯಾರಾಗಿ ಬರುತ್ತಿದ್ದವು. ಮುಷ್ಕರವನ್ನು ಯಾರೂ ಅಧಿಕೃತವಾಗಿ ಹಿಂತೆಗೆದುಕೊಳ್ಳಲೇ ಇಲ್ಲ.

ಸೋವಿ ಬಟ್ಟೆಯಿಂದ ಯಾರಿಗೂ ಲಾಭವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನಮ್ಮ ಬಾಲ್ಯದಲ್ಲಿ ದೀಪಾವಳಿಗೊಂದೇ ಅಂಗಿ, ಅದೂ ಬೆಳೆಯುವ ಮೈಗೆಂದು ಎರಡು ಬೆರಳು ದೊಡ್ಡದು. ಇವತ್ತು ಕೂಲಿಯವನ ಮಗನೂ ಹೊಸ ಅಂಗಿ ಹಾಕುತ್ತಾನೆ. ಇದನ್ನು ಜಮಾ ಕಡೆ ಬರೆಯಲೇಬೇಕು. ನನ್ನ ಅಭಿಪ್ರಾಯ ಇಷ್ಟೇ: ಖರ್ಚಿನ ಕಡೆಯನ್ನೂ ಬರೆಯಿರಿ. ಬೆಲೆಯ ಚೀಟಿಯಲ್ಲಿ ಕಾಣದ್ದನ್ನು ಯಾವುದೋ ಹಳ್ಳಿಯ ಮನೆ ಕಟ್ಟಿದೆ, ಕಟ್ಟುತ್ತಲೇ ಇದೆ.

ಮುಚ್ಚಿದ ಗಿರಣಿಗಳ ಜಾಗ ಮಾತ್ರ ಸೋವಿಯಾಗಲಿಲ್ಲ. 1991ರ ನಿಯಮದಂತೆ ಅದರಲ್ಲಿ ಮೂರನೇ ಒಂದು ಪಾಲು ಬಯಲಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಒಂದು ಪಾಲು ಮಾಲೀಕರಿಗೆ ಎಂದಿತ್ತು. 2001ರ ತಿದ್ದುಪಡಿ ಕಟ್ಟಡವಿಲ್ಲದ ಖಾಲಿ ಜಾಗವನ್ನಷ್ಟೇ ಪಾಲು ಮಾಡಿದರೆ ಸಾಕೆಂದಿತು. 2006ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಮಾಲುಗಳು, ಗೋಪುರಗಳು ಎದ್ದವು. 2012ರಲ್ಲಿ ಗಿರಣಿ ಕಾರ್ಮಿಕರಿಗಾಗಿ ಮ್ಹಾಡಾ ಮೊದಲ ಮನೆ ಲಾಟರಿ ಎತ್ತಿದಾಗ ಇದ್ದ ಮನೆಗಳು ಏಳು ಸಾವಿರದೊಳಗೆ. ಅರ್ಜಿ ಹಾಕಿದ ಕುಟುಂಬಗಳು ಒಂದು ಲಕ್ಷಕ್ಕೂ ಹೆಚ್ಚು.